ನಾನು ಬಿಟ್ಟೆನೆಂದುಕೊಂಡ ಶ್ರಾವಣಗಳು

ಕುಡಿತ ನನ್ನನ್ನು ಹಿಡಿದಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಒಂದು ಸಾಕ್ಷಿ ಇತ್ತು. ಅದು ಶ್ರಾವಣ. ಭೀಮನ ಅಮಾವಾಸ್ಯೆಯ ಸಂಜೆ ಕೊನೆಯ ಗ್ಲಾಸು ಬೋರಲು ಹಾಕಿದರೆ, ಮತ್ತೆ ಮುಟ್ಟುವುದು ಗಣಪತಿ ಬಿಟ್ಟ ಮೇಲೆಯೇ. ನಮ್ಮ ಕಡೆ ಇದು ಹೊಸದಲ್ಲ. ಆ ತಿಂಗಳು ಭದ್ರಾವತಿಯ ಮಟನ್ ಅಂಗಡಿಯವರು ನೊಣ ಹೊಡೆಯುತ್ತಾರೆ, ವೈನ್ ಶಾಪಿನ ಮುಂದೆ ಬೈಕು ನಿಲ್ಲಿಸಲು ಜಾಗ ಸಿಗುತ್ತದೆ. ಉಳಿದವರು ದೇವರ ಹೆದರಿಕೆಗೆ ಬಿಡುತ್ತಿದ್ದರು. ನಾನು ರಸಾಯನಶಾಸ್ತ್ರ ಓದಿದವನು, ದೇವರನ್ನೂ ಪಂಚಾಂಗವನ್ನೂ ಒಪ್ಪದವನು. ಶ್ರಾವಣ ನನಗೆ ಒಂದು ಪ್ರಯೋಗ. ವರ್ಷಕ್ಕೊಮ್ಮೆ ನನ್ನನ್ನೇ ಪರೀಕ್ಷಿಸಿಕೊಂಡು, ಪಾಸಾಗಿ, ಮತ್ತೆ ಶುರು ಮಾಡುತ್ತಿದ್ದೆ. ಬಿಡಬೇಕೆಂದಾಗ ಬಿಡಬಲ್ಲವನನ್ನು ಕುಡುಕ ಎನ್ನಲಾಗದು ಎಂದು ಹೆಂಡತಿಯ ಮುಂದೆ ಎಷ್ಟು ಸಲ ವಾದಿಸಿದ್ದೇನೋ.

ಕೆಲಸ ಭದ್ರಾವತಿಯ ಒಂದು ಖಾಸಗಿ ಎರಕದ ಕಾರ್ಖಾನೆಯ ಲ್ಯಾಬಿನಲ್ಲಿ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಎರಡರ ನಡುವೆ ಸೆಲ್ವಂನ ಮನೆಯ ಜಗಲಿ. ಸೆಲ್ವಂ ನಮ್ಮ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾನೆ. ಅವನ ತಾತ ಸೇಲಂ ಕಡೆಯಿಂದ ಕಬ್ಬಿಣದ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ನಾಲೆಯ ಪಕ್ಕದ ಕಾಲೋನಿಯ ಅವನ ಮನೆಯಲ್ಲಿ ಶಿಫ್ಟ್ ಮುಗಿದ ಮೇಲೆ ಕೇರಂ ಆಡುತ್ತಿದ್ದೆವು, ಆಡುತ್ತಾ ಕುಡಿಯುತ್ತಿದ್ದೆವು. ಬರಬರುತ್ತಾ ಆಟ ನೆಪವಾಯಿತು.

ಹೋದ ಶ್ರಾವಣದಲ್ಲೂ ಎಂದಿನಂತೆ ಬಿಟ್ಟೆ. ಮರುದಿನ ಲ್ಯಾಬಿನಲ್ಲಿ ಪಿಪೆಟ್ ಹಿಡಿದ ಕೈ ನಡುಗಿತು. ಚಳಿಜ್ವರದಂತೆ ನಡುಕ, ಆದರೆ ಅಂಗಿ ಬೆವರಿನಿಂದ ಒದ್ದೆ. ವೈರಲ್ ಇರಬೇಕು ಎಂದುಕೊಂಡು ರಜೆ ಹಾಕಿ ಮನೆಗೆ ಬಂದೆ. ಅದರ ಮರುದಿನ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದಿದ್ದೆ, ಅಷ್ಟೇ ಗೊತ್ತು. ಮುಂದಿನದು ಅವರಿವರು ಹೇಳಿದ್ದು. ಫಿಟ್ಸ್ ಬಂದು ನೆಲಕ್ಕೆ ಬಿದ್ದೆನಂತೆ. ಪಿಯುಸಿ ಓದುವ ಮಗಳು ನಿಧಿ ಕಾಲೇಜಿಗೆ ಹೊರಟವಳು ಬ್ಯಾಗು ಎಸೆದು ನನ್ನ ತಲೆಯ ಕೆಳಗೆ ತನ್ನ ಕೈ ಕೊಟ್ಟಳಂತೆ. ಅವಳ ಕೈಬೆರಳ ಗೆಣ್ಣುಗಳು ನೆಲಕ್ಕೆ ಬಡಿದು ಕಪ್ಪಾಗಿದ್ದನ್ನು ಆಮೇಲೆ ನೋಡಿದೆ. ಅದೊಂದಕ್ಕೆ ನನಗೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಆಸ್ಪತ್ರೆಯ ಮೊದಲ ದಿನಗಳಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವುದು ನಡೆಯದೇ ಇದ್ದ ಸಂಗತಿ. ವಾರ್ಡಿನ ನೆಲದ ಮೇಲೆ ನೀರು ಬರುತ್ತಿತ್ತು. ಕೆಂಪು ಮಣ್ಣಿನ ನೀರು, ಬಾಗಿಲ ಸಂದಿಯಿಂದ ಸದ್ದಿಲ್ಲದೆ ಬಂದು ಮಂಚದ ಕಾಲುಗಳನ್ನು ಏರುತ್ತಿತ್ತು. ನಾಲೆ ಒಡೆದಿದೆ ಎಂದು ನನಗೆ ಖಾತ್ರಿ. ಪಕ್ಕದ ಹಾಸಿಗೆಯವನ ಚಪ್ಪಲಿ ತೇಲುತ್ತಿತ್ತು. ನಾನು ಕಾಲು ಮೇಲೆತ್ತಿಕೊಂಡು "ನಿಧೀ, ಮೇಲೆ ಹತ್ತೇ, ಮೇಲೆ ಹತ್ತು" ಎಂದು ಕೂಗುತ್ತಿದ್ದೆ. ನಿಧಿ ಅಲ್ಲಿರಲಿಲ್ಲ. ಹೆಂಡತಿ ಸುಮಂಗಲಾ ನನ್ನ ಎರಡೂ ಕೈ ಒತ್ತಿ ಹಿಡಿದು "ನೀರಿಲ್ಲ ರೀ, ಟೈಲ್ಸು. ನೋಡಿ, ಬರೀ ಟೈಲ್ಸು" ಎನ್ನುತ್ತಿದ್ದಳಂತೆ. ಆ ನೀರು ಎಷ್ಟು ನಿಜವಾಗಿತ್ತೆಂದರೆ, ಇವತ್ತಿಗೂ ಅದರ ತಣ್ಣನೆಯ ವಾಸನೆ ಮೂಗಿಗೆ ಬರುತ್ತದೆ. ಇಲ್ಲದ ನೀರು ಅಷ್ಟು ಚೆನ್ನಾಗಿ ನೆನಪಿರಬಹುದಾದರೆ, ನೆನಪು ಎನ್ನುವುದರ ಬೆಲೆ ಏನು? ನನ್ನ ಹೆದರಿಕೆ ಶುರುವಾಗಿದ್ದು ಅಲ್ಲಿಂದ.

ನೀರು ಇಳಿದ ಮೇಲೆ ಡಾಕ್ಟರಮ್ಮ ಬಂದು ಕೂತರು. ನಡುವಯಸ್ಸಿನ ಹೆಂಗಸು, ಆತುರವಿಲ್ಲದ ಮಾತು. ಎಷ್ಟು ವರ್ಷದಿಂದ, ಎಷ್ಟೆಷ್ಟು ಎಂದು ಕೇಳಿದರು. ನಾನು ನನ್ನ ಸಾಕ್ಷಿಯನ್ನು ಮುಂದಿಟ್ಟೆ.

"ಪ್ರತಿ ಶ್ರಾವಣ ಪೂರ್ತಿ ಬಿಡ್ತೀನಿ ಮೇಡಂ. ಒಂದು ವರ್ಷನೂ ತಪ್ಪಿಲ್ಲ. ಏನೂ ಆಗಿರಲಿಲ್ಲ."

ಸುಮಂಗಲಾ ಕಿಟಕಿ ಕಡೆ ನೋಡುತ್ತಿದ್ದವಳು ತಿರುಗಿದಳು. ಅವಳು ಹೈಸ್ಕೂಲಿನಲ್ಲಿ ಟೀಚರು, ಉತ್ತರ ತಪ್ಪಿದ್ದರೆ ಸುಮ್ಮನಿರಲಾರಳು.

"ಇಲ್ಲ ಮೇಡಂ. ಹೋದ ವರ್ಷ ಕುಡಿದಿದ್ರು. ಅದರ ಹಿಂದಿನ ವರ್ಷನೂ. ಪೂರ್ತಿ ಬಿಟ್ಟಿದ್ದು ಒಂದೇ ಒಂದು ಶ್ರಾವಣ, ನಿಧಿ ಇನ್ನೂ ಚಿಕ್ಕೋಳಿದ್ದಾಗ. ಆಮೇಲೆ ಅಮಾವಾಸ್ಯೆ ದಿನ ಬಿಟ್ಟೆ ಅಂತಾರೆ, ನಾಕು ದಿನಕ್ಕೆ ಶುರು. ಗಣಪತಿ ಬಿಟ್ಟ ಮೇಲೆ 'ನೋಡಿದ್ಯಾ, ಹೆಂಗೆ ಬಿಟ್ಟಿದ್ದೆ' ಅಂತಾರೆ."

"ಏನ್ ಮಾತಾಡ್ತೀಯ ನೀನು?"

"ಹೋದ ವರ್ಷ ವರಮಹಾಲಕ್ಷ್ಮಿ ದಿನ ಅಮ್ಮ ಬಂದಿದ್ರು. ನೀವು ಗೇಟಿನ ಹತ್ರನೇ ಕೂತುಬಿಟ್ರಿ, ಒಳಗೆ ಬರಕ್ಕಾಗದೆ. ಅಮ್ಮ ಅವತ್ತು ಊಟ ಮಾಡ್ಲಿಲ್ಲ."

ನಾನು ಹುಡುಕಿದೆ. ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬದಲ್ಲಿ ನಾನು ಬಿಳಿ ಪಂಚೆ ಉಟ್ಟು ಅತ್ತೆಗೆ ಹೋಳಿಗೆ ಬಡಿಸುತ್ತಿದ್ದೆ. ತುಪ್ಪದ ಮಿಳ್ಳೆ ಕೈಯಲ್ಲಿತ್ತು. ಗೇಟಿನ ಚಿತ್ರ ಎಲ್ಲೂ ಇರಲಿಲ್ಲ.

"ಅವಳು ಸುಳ್ಳು ಹೇಳ್ತಿದಾಳೆ" ಎಂದೆ. ಆದರೆ ಸುಮಂಗಲಾ ಸುಳ್ಳು ಹೇಳಿದ್ದು ನನಗೆ ಗೊತ್ತಿಲ್ಲ.

"ಯಾರೂ ಸುಳ್ಳು ಹೇಳ್ತಿಲ್ಲ" ಎಂದರು ಡಾಕ್ಟರಮ್ಮ. "ನೀವೂ ಹೇಳ್ತಿಲ್ಲ. ಮೆದುಳಿಗೆ ಖಾಲಿ ಜಾಗ ಕಂಡ್ರೆ ಆಗಲ್ಲ. ಹತ್ತಿರ ಇರೋ ಇನ್ನೊಂದು ನೆನಪು ತಂದು ತುಂಬಿಕೊಳ್ಳುತ್ತೆ." ವಿಟಮಿನ್ನಿನ ಇಂಜೆಕ್ಷನ್ ಕೊಡುತ್ತಿದ್ದೇವೆ, ಊಟ ನಿದ್ದೆ ಸರಿಹೋದರೆ ಮುಂದಕ್ಕೆ ನೆನಪು ನಿಲ್ಲುವುದು ಸುಧಾರಿಸುತ್ತದೆ, ಆದರೆ ಹಿಂದಿನದರಲ್ಲಿ ಏನು ಮರಳುತ್ತದೆ ಏನು ಇಲ್ಲ ಎಂದು ನಾನೂ ಹೇಳಲಾರೆ ಎಂದರು. ಹೊರಡುವ ಮುನ್ನ ಒಂದು ಮಾತು ಗಟ್ಟಿಯಾಗಿ ಹೇಳಿದರು: "ಇಷ್ಟು ವರ್ಷ ಕುಡಿದೋರು ಒಂದೇ ದಿನಕ್ಕೆ ತಾವೇ ನಿಲ್ಲಿಸಬಾರದು. ನಮ್ಮ ಹತ್ರ ಬಂದು ನಿಲ್ಲಿಸಬೇಕು. ಶ್ರಾವಣ ಬಂದ್ರೆ ನಮಗೆ ಭಯ ಆಗುತ್ತೆ ನೋಡಿ." ಈ ಬರಹದಿಂದ ನೀವು ಒಂದೇ ಸಂಗತಿ ಒಯ್ಯುವುದಾದರೆ ಆ ಮಾತನ್ನು ಒಯ್ಯಿರಿ. ನನ್ನ ಪ್ರಯೋಗದಲ್ಲಿ ನಾನು ಸತ್ತೇಹೋಗಬಹುದಿತ್ತು.

ಅವರು ಹೋದ ಮೇಲೆ ನನಗೆ ಶ್ರಾವಣದ ಚಿಂತೆ ಉಳಿಯಲಿಲ್ಲ. ಬೇರೊಂದು ನೆನಪಿನ ಚಿಂತೆ ಹತ್ತಿತು.

ನಿಧಿಗೆ ಹತ್ತು ವರ್ಷವಿದ್ದಾಗ ಒಂದು ಭಾನುವಾರ ಅವಳನ್ನು ಸೆಲ್ವಂನ ಮನೆಗೆ ಕರೆದುಕೊಂಡು ಹೋಗಿದ್ದೆ. ನಾವು ನಾಲೆಯ ಏರಿಯ ಮೇಲೆ ನಿಂತಿದ್ದೆವು. ಅವಳು ಕಾಲು ಜಾರಿ ನೀರಿಗೆ ಬಿದ್ದಳು. ನಾಲೆ ತುಂಬಿ ಹರಿಯುತ್ತಿತ್ತು. ನಾನು ಬಟ್ಟೆ ಸಮೇತ ಹಾರಿದೆ, ಮುಳುಗಿದೆ, ಅವಳ ಜಡೆ ಕೈಗೆ ಸಿಕ್ಕಿತು, ಎಳೆದು ದಡಕ್ಕೆ ತಂದೆ. ಮಂಡಿಯ ಮೇಲಿನ ಗಾಯದ ಗುರುತು ಈಗಲೂ ಇದೆ. ಎಷ್ಟೇ ಕುಡಿದರೂ, ಮನೆಯಲ್ಲಿ ಎಷ್ಟೇ ಜಗಳವಾದರೂ, ನಾನು ಮಲಗುವಾಗ ತಲೆದಿಂಬಿನಂತೆ ಇಟ್ಟುಕೊಳ್ಳುತ್ತಿದ್ದದ್ದು ಇದನ್ನೇ. ನಾನು ಏನೇ ಆಗಿರಲಿ, ನನ್ನ ಮಗು ಬದುಕಿರುವುದು ನನ್ನಿಂದ.

ಹೋಳಿಗೆ ಬಡಿಸಿದ್ದು ಸುಳ್ಳಾದರೆ, ಜಡೆ ಹಿಡಿದದ್ದು? ನೀರಿಗೆ ಹಾರಿದವನು ಸೆಲ್ವಂ ಆಗಿದ್ದು, ಮನೆಯ ಗೇಟಿನ ಹತ್ತಿರ ಕೂತಂತೆಯೇ ನಾನು ಏರಿಯ ಮೇಲೂ ಕುಡಿದು ಕೂತಿದ್ದರೆ? ಸುಮಂಗಲಾ ಅಂದು ಅಲ್ಲಿರಲಿಲ್ಲ. ಇದ್ದವರು ನಿಧಿ, ಸೆಲ್ವಂ ಇಬ್ಬರೇ. ಕೇಳಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಜೀವಮಾನವೆಲ್ಲ 'ಪುರಾವೆ ಎಲ್ಲಿ' ಎಂದು ಕಂಡಕಂಡವರನ್ನು ಕೇಳಿದವನು ನಾನು. ಇದನ್ನು ಕೇಳಲು ನಾಲಗೆ ಏಳಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕುಡಿತ ಬಿಡಿಸುವ ಒಂದು ಮಹಡಿ ಕ್ಲಿನಿಕ್ಕಿಗೆ ಓಡಾಡಿದೆ. ಕೆಳಗೆ ಪಾತ್ರೆ ಅಂಗಡಿ. ಮೆಟ್ಟಿಲು ಹತ್ತುವವರೆಲ್ಲ ಮೊದಲು ಪಾತ್ರೆ ನೋಡುವವರಂತೆ ನಿಂತು, ಗುರುತಿನವರು ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತುತ್ತಾರೆ. ನಾನೂ ಒಂದು ಇಡ್ಲಿ ಪಾತ್ರೆಯ ರೇಟು ಮತ್ತೆ ಮತ್ತೆ ಕೇಳಿದ್ದೆ. ಕೊನೆಗೊಂದು ದಿನ ಅಂಗಡಿಯವನು, "ಸಾರ್, ಡಾಕ್ಟ್ರು ಬಂದಿದಾರೆ, ಹೋಗಿ. ಇಡ್ಲಿ ಪಾತ್ರೆ ಎಲ್ಲೂ ಹೋಗಲ್ಲ" ಎಂದ.

ಮೇಲಿನ ಬೆಂಚುಗಳಲ್ಲಿ ಯಾರೂ ಯಾರ ಮುಖ ನೋಡುವುದಿಲ್ಲ. ಒಮ್ಮೆ ನಮ್ಮ ಬೀದಿಯ ನಿವೃತ್ತ ಅಧಿಕಾರಿಯೊಬ್ಬರು ಎದುರಿಗೇ ಸಿಕ್ಕರು. "ಶುಗರ್ ಚೆಕ್ ಮಾಡ್ಸೋಣ ಅಂತ" ಎಂದರು. "ನಾನೂ ಅದಕ್ಕೇ" ಎಂದೆ. ಇಬ್ಬರಿಗೂ ಇದು ಯಾವ ಡಾಕ್ಟರೆಂದು ಗೊತ್ತು. ಸ್ವಲ್ಪ ಹೊತ್ತು ಬಿಟ್ಟು ಅವರು ಗೋಡೆ ನೋಡುತ್ತಲೇ, "ಸಂಜೆ ಆರು ಗಂಟೆ ಬಹಳ ಕಷ್ಟ, ಅಲ್ವಾ ಮಾರಾಯ್ರೆ?" ಎಂದರು. ಆ ಒಂದು ಪ್ರಶ್ನೆಗೆ ನನ್ನ ಕಣ್ಣು ತುಂಬಿತು. ಹೌದು, ಆ ಹೊತ್ತು. ಸೂರ್ಯ ಇಳಿದು ದೀಪ ಹತ್ತುವ ಹೊತ್ತಿಗೆ ಮೈಯ ಒಳಗೆ ಯಾರೋ ಎದ್ದು ಚಪ್ಪಲಿ ಹುಡುಕಿದಂತೆ ಆಗುತ್ತಿತ್ತು.

ಆ ಹೊತ್ತನ್ನು ತುಂಬಲು ಮನೆಯವರೆಲ್ಲ ಕೈಹಾಕಿದರು. ಮೊದಲು ಬಂದವರು ಅತ್ತೆ. ಗೇಟಿನ ಸಂಗತಿಯ ನಂತರ ನನ್ನ ಜೊತೆ ನೇರ ಮಾತಾಡದವರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆಲಗದ ಸೊಪ್ಪು ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟರು.

"ನೆನಪಿಗೆ ಒಳ್ಳೇದು ಅಂತ ಹೇಳು ನಿನ್ನ ಗಂಡನಿಗೆ."

"ಅದಕ್ಕೆ ಪುರಾವೆ ಇಲ್ಲ ಅಂತ ಹೇಳು ನಿಮ್ಮಮ್ಮನಿಗೆ" ಎಂದೆ ನಾನು ಹಜಾರದಿಂದ.

"ಲಿಂಗ ಕಟ್ಟಿದ ಮೈಗೆ ಅದನ್ನೆಲ್ಲ ಸುರಕೊಳ್ಳೋವಾಗ ಯಾವ ಪುರಾವೆ ಕೇಳಿದ್ರಂತೆ?"

ಸುಮಂಗಲಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಎದ್ದು ಹೋಗಿ ಸೊಪ್ಪು ತೊಳೆದೆ. ಕಾಳುಮೆಣಸು, ಜೀರಿಗೆ ತುಪ್ಪದಲ್ಲಿ ಹುರಿದು, ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದೆ. ಅತ್ತೆ ನಿರ್ದೇಶನ ಕೊಟ್ಟರು, ಮಗಳ ಮೂಲಕವೇ. ನೆನಪಿನ ಕತೆ ಬಿಡಿ, ಅದು ರುಚಿಯಾಗಿತ್ತು. ಬಹಳ ವರ್ಷದ ನಂತರ ನನ್ನ ನಾಲಗೆಗೆ ರುಚಿ ತಿಳಿಯುತ್ತಿತ್ತು. ಅಂದಿನಿಂದ ಸಂಜೆಯ ತಂಬುಳಿ ನನ್ನ ಪಾಲಿನ ಕೆಲಸ. ದೊಡ್ಡಪತ್ರೆ, ದಾಳಿಂಬೆ ಸಿಪ್ಪೆ, ಮೆಂತ್ಯ, ಶುಂಠಿ. ಲ್ಯಾಬಿನವನ ಕೈ, ಅಳತೆ ತಪ್ಪುವುದಿಲ್ಲ. ತಣ್ಣಗೆ ಮಾಡಿ ಉದ್ದ ಲೋಟದಲ್ಲಿ ಹಿಡಿದು ಜಗಲಿಯಲ್ಲಿ ಕೂತರೆ, ಕೈಗೆ ಲೋಟ ಬೇಕೆನ್ನುವ ಚಟ ಸ್ವಲ್ಪ ಮೋಸಹೋಗುತ್ತಿತ್ತು.

ಆದರೂ ಒಂದು ಶನಿವಾರ ಹೆಜ್ಜೆ ತಪ್ಪುವುದರಲ್ಲಿತ್ತು. ಕೆಲಸಕ್ಕೆ ಮರಳಿದ ಹೊಸತು. ಸೆಲ್ವಂನ ಜಗಲಿಗೆ ಹೋಗಬಾರದೆಂದು ಡಾಕ್ಟರಮ್ಮ ಹೇಳಿದ್ದರು. ನಾನು ಭದ್ರಾವತಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎರಡು ಬಸ್ಸು ಬಿಟ್ಟೆ. ಮೂರನೆಯದರ ಹೊತ್ತಿಗೆ ಕಾಲು ಕಾಲೋನಿಯ ಕಡೆ ತಿರುಗಿತ್ತು. ಆಗ ಎದುರಿನಿಂದ ಸೆಲ್ವಂ ಬಂದ, ತಲೆಯ ಮೇಲೆ ಕೇರಂ ಬೋರ್ಡು ಹೊತ್ತುಕೊಂಡು.

"ಎಲ್ಲಿಗೆ ಸಾರ್?"

"ನಿನ್ನ ಮನೆಗೇ."

"ಮನೇಲಿ ಬೋರ್ಡೇ ಇಲ್ಲ, ಏನ್ ಮಾಡ್ತೀರಿ? ನಡೀರಿ, ನಿಮ್ಮ ಮನೆಗೇ ತಗೊಂಡು ಹೊರಟಿದೀನಿ. ನಮ್ಮ ಜಗಲಿಯಲ್ಲಿದ್ರೆ ನೀವು ಬಂದೇ ಬರ್ತೀರಿ ಅಂತ ನನ್ನ ಹೆಂಡ್ತಿ ಬೈತಾಳೆ. ನೀವು ಬಂದ್ರೆ ನಾನು ತರ್ತೀನಿ, ನಾನು ತಂದ್ರೆ ನೀವು ಕುಡೀತೀರಿ. ಯಾಕ್ ಸಾರ್ ಆ ಕತೆ?"

ಕಂಡಕ್ಟರು ಬೋರ್ಡಿಗೂ ಟಿಕೆಟ್ ಕೇಳಿದ. ಸೆಲ್ವಂ "ಅದು ಮೈನರು ಸಾರ್, ಹಾಫ್ ಹಾಕಿ" ಎಂದ. ಬಸ್ಸೆಲ್ಲ ನಕ್ಕಿತು. ನಾನು ಕಂಬಿ ಹಿಡಿದು ನಿಂತೇ ಬಂದೆ. ಅವನು ಒಂದು ಬಸ್ಸು ತಡಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತಾ ಬೆವರುತ್ತಿದ್ದೆ.

ಅಂದಿನಿಂದ ಬೋರ್ಡು ವಿದ್ಯಾನಗರದಲ್ಲಿ ಉಳಿಯಿತು. ಭಾನುವಾರ ಸೆಲ್ವಂ ಬರುತ್ತಾನೆ, ಉಳಿದ ದಿನ ನಿಧಿ ಕೂರುತ್ತಾಳೆ. ಮೊದಲು ನನ್ನ ಬೆರಳು ಸ್ಟ್ರೈಕರಿಗೆ ತಾಗುವ ಮುನ್ನವೇ ನಡುಗಿ ಗೆರೆ ದಾಟುತ್ತಿತ್ತು. "ಫೌಲ್" ಎನ್ನಲು ನಿಧಿಗೆ ದಯೆಯೇ ಇಲ್ಲ. ವಾರಗಳು ಕಳೆದಂತೆ ಕೈಯ ನಡುಕ ನಿಂತಿತು. ಹಲಗೆಯ ಮೇಲೆ ಕಾಯಿಗೆ ಕಾಯಿ ಬಡಿಯುವ ಆ ಒಣ ಸದ್ದು, ಬೆರಳ ತುದಿಗೆ ಅಂಟುವ ಪೌಡರು, ಕೆಂಪು ಕಾಯಿ ಗುಂಡಿಯ ಬಾಯಲ್ಲಿ ಯೋಚಿಸುತ್ತಾ ನಿಂತಾಗಿನ ಉಸಿರು. ಮೊದಲು ಇದೆಲ್ಲ ಇತ್ತೇ ಎಂದು ಆಶ್ಚರ್ಯವಾಯಿತು. ಕುಡಿಯುವಾಗ ನಾನು ಆಟವನ್ನೇ ಆಡಿರಲಿಲ್ಲ.

ಆದರೆ ನಿಧಿಯ ಜಡೆ ಬೋರ್ಡಿನ ಮೇಲೆ ಬಾಗಿದಾಗಲೆಲ್ಲ ನಾಲೆ ಕಣ್ಣಿಗೆ ಬಂದು ನನ್ನ ಗುರಿ ತಪ್ಪುತ್ತಿತ್ತು.

ಮತ್ತೆ ಆಷಾಢ ಬಂತು. ಅಮಾವಾಸ್ಯೆ ಹತ್ತಿರವಾದಂತೆ ಹೆದರಿಕೆ ಹೆಚ್ಚಿತು. ಕುಡಿದುಬಿಡುತ್ತೇನೆಂದಲ್ಲ, ಅಥವಾ ಅದೊಂದೇ ಅಲ್ಲ. ಇನ್ನೊಂದು ವರ್ಷ ಗೊತ್ತಿಲ್ಲದೆಯೇ ಆ ತಲೆದಿಂಬಿನ ಮೇಲೆ ಮಲಗಬೇಕಲ್ಲ ಎಂದು. ಒಂದು ಭಾನುವಾರ ಮಧ್ಯಾಹ್ನ, ಆಟದ ನಡುವೆ, ಕೇಳಿಯೇಬಿಡಲು ನಿರ್ಧರಿಸಿದೆ. ಪರೀಕ್ಷೆ ಶುದ್ಧವಾಗಿರಬೇಕು. ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಬಾರದು.

"ಸೆಲ್ವಂ, ನೀನು ಸ್ವಲ್ಪ ಅಡಿಗೆಮನೆಗೆ ಹೋಗು."

"ಯಾಕ್ ಸಾರ್, ಕಾಯಿ ಕದ್ದೆನಾ?"

"ಹೋಗು ಮಾರಾಯ." ಅವನು ಹೋದ ಮೇಲೆ ನಿಧಿಯ ಕಡೆ ತಿರುಗಿದೆ. "ಅವತ್ತು ನಾಲೆ ಹತ್ರ ಏನಾಯ್ತು, ಹೇಳು. ನಾನು ಏನೂ ಹೇಳಲ್ಲ. ನೀನು ನೋಡಿದ್ದಷ್ಟೇ ಹೇಳು."

ಅವಳು ಸ್ಟ್ರೈಕರ್ ಕೆಳಗಿಟ್ಟಳು. "ನೀನು ಬಿದ್ದಿದ್ದಾ?"

"ನಾನಾ?"

"ಹೂಂ ಅಪ್ಪ. ನನ್ನ ಚಪ್ಪಲಿ ಕೆಳಗೆ ಬಿತ್ತು. ತರೋಣ ಅಂತ ಮೆಟ್ಟಿಲಿಳಿದೆ. ನೀನು ಮೇಲಿಂದ ಕಿರುಚಿ ಹಾರಿಬಿಟ್ಟೆ. ಪಾಚಿ ಇತ್ತು, ಜಾರಿ ಬಿದ್ದೆ. ಮಂಡಿ ಒಡೀತು. ನಾನೇ ಕೈ ಹಿಡಿದು ಎಬ್ಬಿಸಿದ್ದು."

"ಮತ್ತೆ ನೀರು?"

"ಎಲ್ಲಿತ್ತು ನೀರು? ಮಂಡಿವರೆಗೂ ಇರ್ಲಿಲ್ಲ. ಆ ವರ್ಷ ಮಳೆ ತಡ, ಡ್ಯಾಂ ತುಂಬಿಲ್ಲ, ನಾಲೆಗೆ ನೀರೇ ಬಿಟ್ಟಿಲ್ಲ ಅಂತ ಸೆಲ್ವಂ ಅಂಕಲ್ಲೇ ಹೇಳ್ತಿದ್ರು. ನೀನು ಆ ಕೊಚ್ಚೇಲೇ ಕೂತು ನನ್ನ ಜಡೆ ಹಿಡ್ಕೊಂಡು ಅಳ್ತಿದ್ದೆ. ಬಿಡು ಅಂದ್ರೂ ಬಿಡ್ಲಿಲ್ಲ."

ಜಡೆ. ಜಡೆ ಇತ್ತು. ನಾನು ಸೆಲ್ವಂನನ್ನು ಕರೆದು ಅದೇ ಪ್ರಶ್ನೆ ಕೇಳಿದೆ. ಅವನು ಎದೆಯುಬ್ಬಿಸಿ, "ತುಂಬಿದ ನಾಲೆ ಸಾರ್! ನೀವು ಹಾರಿದ್ರಿ ನೋಡಿ..." ಎಂದು ಶುರು ಮಾಡಿ, ನಿಧಿಯ ಮುಖ ನೋಡಿ ನಿಲ್ಲಿಸಿದ. ತಲೆ ಕೆರೆದುಕೊಂಡ.

"ಏನು ಅಂಕಲ್, ತುಂಬಿತ್ತಾ?"

"ಇಲ್ಲಮ್ಮ. ತುಂಬಿರ್ಲಿಲ್ಲ." ಅವನ ದನಿ ಇಳಿಯಿತು. "ಸಾರ್ ದಿನಾ ಹೇಳ್ತಿದ್ರು. ಗ್ಲಾಸಿಗೊಂದು ಅಡಿ ನೀರು ಏರ್ತಿತ್ತು. ಕೇಳ್ತಾ ಕೇಳ್ತಾ ನನಗೂ ಹಂಗೇ ಕಾಣಕ್ಕೆ ಶುರುವಾಯ್ತು."

ಕೇಳಬೇಕಾದದ್ದು ಇನ್ನೂ ಒಂದು ಉಳಿದಿತ್ತು. ಅದಕ್ಕೇ ನಾನು ಇಷ್ಟು ದಿನ ಹೆದರಿದ್ದು.

"ಆಗ ನಾನು ಕುಡಿದಿದ್ನಾ ನಿಧಿ?"

ಅಡಿಗೆಮನೆಯಲ್ಲಿ ಸುಮಂಗಲಾ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಇಲ್ಲ. ಶ್ರಾವಣ ಅದು. ಆ ಸಲ ನೀನು ನಿಜವಾಗ್ಲೂ ಬಿಟ್ಟಿದ್ದೆ. ಅದಕ್ಕೇ ಅಮ್ಮ ನಿನ್ನ ಜೊತೆ ಕಳಿಸಿದ್ದು." ಬೋರ್ಡಿನ ಅಂಚಿನ ಪೌಡರು ಒರೆಸುತ್ತಾ ಹೇಳಿದಳು, "ಆಮೇಲೆ ಯಾವತ್ತೂ ನನ್ನೊಬ್ಬಳನ್ನೇ ನಿನ್ನ ಜೊತೆ ಕಳಿಸಿಲ್ಲ."

ಇದನ್ನೂ ಅನುಮಾನಿಸಬಹುದು. ಹತ್ತು ವರ್ಷದ ಹುಡುಗಿಯ ನೆನಪು, ಅಪ್ಪನ ಮೇಲಿನ ಕರುಣೆ, ಏನೂ ಬೆರೆತಿರಬಹುದು. ನಾನು ಅನುಮಾನಿಸಿಯೂ ನೋಡಿದೆ. ಆದರೆ ಸುಳ್ಳು ನೆನಪುಗಳಲ್ಲಿ ನಾನು ಯಾವಾಗಲೂ ಚೆನ್ನಾಗಿಯೇ ಇರುತ್ತೇನೆ, ಬಿಳಿ ಪಂಚೆಯಲ್ಲಿ, ತುಪ್ಪದ ಮಿಳ್ಳೆಯೊಂದಿಗೆ. ಕೊಚ್ಚೆಯಲ್ಲಿ ಕೂತು ಮಗಳ ಜಡೆ ಹಿಡಿದು ಅಳುವವನನ್ನು ಯಾವ ಮೆದುಳೂ ಸುಮ್ಮನೆ ಕಟ್ಟಿಕೊಡಲಾರದು. ನಾನು ಅವಳನ್ನು ಉಳಿಸಿರಲಿಲ್ಲ. ಅವಳಿಗೆ ಏನೋ ಆಗಿಬಿಡುತ್ತದೆಂದು ಹೆದರಿ, ಎಚ್ಚರವಿದ್ದು, ಹಾರಿದ್ದೆ. ಇಷ್ಟು ಸಾಕು ಎಂದು ನನ್ನನ್ನು ನಾನೇ ಒಪ್ಪಿಸುತ್ತಿದ್ದೇನೆ. ಕೆಲವು ದಿನ ಒಪ್ಪುತ್ತೇನೆ.

ಈ ಅಮಾವಾಸ್ಯೆಗೆ ಕೊನೆಯ ಗ್ಲಾಸು ಇರಲಿಲ್ಲ, ಹಾಗಾಗಿ ಶ್ರಾವಣಕ್ಕೆ ಬಿಡುವುದೂ ಇರಲಿಲ್ಲ. ಸಂಜೆಯ ಹೆದರಿಕೆ ಇನ್ನೂ ಬರುತ್ತದೆ. ಬಂದು, ಒಂದು ಲೋಟ ತಂಬುಳಿಯಷ್ಟು ಹೊತ್ತು ಕೂತು, ಹೋಗುತ್ತದೆ. ಒಂದು ದಿನ ಹೋಗದಿರಬಹುದು. ಆಗ ಹತ್ತಲು ದುರ್ಗಿಗುಡಿಯ ಮೆಟ್ಟಿಲಿದೆ. ಇಡ್ಲಿ ಪಾತ್ರೆಯ ರೇಟು ಈಗ ಕೇಳುವುದಿಲ್ಲ.

ಆ ಭಾನುವಾರ ನಾವು ಮತ್ತೆ ಬೋರ್ಡಿಗೆ ಬಗ್ಗಿದೆವು. ಸುಮಂಗಲಾ ಕೂಡ ಬಂದು ನಾಲ್ಕನೆಯ ಬದಿಯಲ್ಲಿ ಕೂತಳು. ಕೆಂಪು ಕಾಯಿ ಇನ್ನೂ ನಡುವೆ ಇತ್ತು. ಯಾರು ಹೊಡೆಯಬೇಕಿತ್ತು? ನನ್ನ ಸರದಿಯೇ ಎನ್ನುವ ಚಿತ್ರ ಒಂದು ಆಗಲೇ ತಲೆಯಲ್ಲಿ ಸಿದ್ಧವಾಗಿತ್ತು, ಬಣ್ಣ ಬೆಳಕು ಸಮೇತ. ಕೈ ಚಾಚಿದವನು ಹಿಂದೆ ತೆಗೆದೆ.

"ಯಾರ ಸರದಿ ಇತ್ತು? ನನಗೆ ನೆನಪಿಲ್ಲ" ಎಂದೆ.

"ನಂದು" ಎಂದಳು ನಿಧಿ. ನಾನು ಸ್ಟ್ರೈಕರನ್ನು ಅವಳ ಕಡೆಗೆ ಸರಿಸಿದೆ.